ನಾಲ್ಕನೇ ತಟ್ಟೆ

ಒದ್ದೆ ಸ್ಲೇಟಿನ ವಾಸನೆ. ತಟ್ಟೆಯ ಮೇಲೆ ಹಾ ಎಂದು ಉಸಿರು ಬಿಟ್ಟಾಗಲೆಲ್ಲ ಅವನಿಗೆ ಅದೇ ಬರುತ್ತಿತ್ತು. ಚಿಕ್ಕಂದಿನಲ್ಲಿ ಸ್ಲೇಟಿಗೆ ಉಗುಳು ಹಚ್ಚಿ ಅಂಗೈಯಲ್ಲಿ ಉಜ್ಜುವಾಗ ಏಳುತ್ತಿದ್ದ, ಕಲ್ಲಿನದೂ ಅಲ್ಲದ ನೀರಿನದೂ ಅಲ್ಲದ ವಾಸನೆ. ಪ್ಲಾಸ್ಟಿಕ್ಕಿಗೆ ಆ ವಾಸನೆ ಇರುವುದು ಸಾಧ್ಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಬರುತ್ತಿತ್ತು. ಒಮ್ಮೆ ಅಮ್ಮ ಸ್ಲೇಟಿನ ಒಂದು ಬದಿ ಒರೆಸು ಎಂದರೆ ಎರಡೂ ಬದಿ ಒರೆಸಿಬಿಟ್ಟಿದ್ದ. ಹಿಂಬದಿಯಲ್ಲಿ ಅಕ್ಕನ ಲೆಕ್ಕವಿತ್ತು. ಅಕ್ಕ ಅಳಲಿಲ್ಲ, ದೂರು ಹೇಳಲೂ ಇಲ್ಲ. ಬಳಪ ತೆಗೆದುಕೊಂಡು ಮೊದಲಿನಿಂದ ಬರೆಯತೊಡಗಿದಳು.

ತಟ್ಟೆಯನ್ನು ದುಂಡಗೆ ಒರೆಸಬಾರದು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಅವನು ಹಾಗೆಯೇ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮೇಜಿನ ಮೇಲಿದ್ದ ಹೊಸ ಡ್ರೈವಿನ ಬಾಯಿ ತೆರೆದು ಒಳಗಿಟ್ಟ. ನಾಲ್ಕನೇ ತಟ್ಟೆ. ಬಾಯಿ ಮುಚ್ಚಿತು. ಒಳಗೆ ಏನೋ ಕೆಮ್ಮಿದಂತಾಗಿ, ಆಮೇಲೆ ಸುತ್ತತೊಡಗಿತು.

ಮಾರುಕಟ್ಟೆಗೆ ಬರುವ ಸಾಮಾನುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ವರದಿ ಕೊಡುವ ಸಂಸ್ಥೆ ಅದು. ಮೇಲಿನ ಮಹಡಿಯಲ್ಲಿ ಬೀಗಗಳನ್ನು ಹತ್ತು ಸಾವಿರ ಸಲ ಹಾಕಿ ತೆಗೆಯುತ್ತಾರೆ, ಕುರ್ಚಿಗಳ ಮೇಲೆ ಮರಳಿನ ಮೂಟೆ ಕೂರಿಸುತ್ತಾರೆ. ಕೆಳಗಿನ ಈ ಕೋಣೆಯಲ್ಲಿ ಅವನು ಇಪ್ಪತ್ತೊಂದು ವರ್ಷದಿಂದ ಸಿ.ಡಿ. ಓದುವ ಡ್ರೈವುಗಳನ್ನು, ಅದರಲ್ಲೂ ಕಂಪ್ಯೂಟರಿನ ಹೊರಗಿಟ್ಟು ವೈರಿನಿಂದ ಜೋಡಿಸುವ ಚಪ್ಪಟೆ ಡಬ್ಬಿಗಳನ್ನು, ಎಷ್ಟು ಚೆನ್ನಾಗಿ ಓದುತ್ತವೆ ಎಂದು ಪರೀಕ್ಷಿಸುತ್ತಿದ್ದ. ಇಲ್ಲಿ ಸಿ.ಡಿ.ಗೆ ಯಾರೂ ಸಿ.ಡಿ. ಎನ್ನುವುದಿಲ್ಲ. ತಟ್ಟೆ ಎನ್ನುತ್ತಾರೆ. ಊಟದ ಹೊತ್ತಿಗೆ ಸರಿಯಾಗಿ "ತಟ್ಟೆ ಒರೆಸಿದ್ದೀರಾ?" ಎಂದು ಕೇಳಿ ಹೊಸಬರನ್ನು ತಬ್ಬಿಬ್ಬು ಮಾಡುವುದು ಹಳೆಯ ತಮಾಷೆ. ಈಗ ಹೊಸಬರು ಬರುವುದಿಲ್ಲ. ಡ್ರೈವುಗಳೂ ಅಷ್ಟೆ. ಇದು ಬಂದಿದ್ದು ಹನ್ನೊಂದು ತಿಂಗಳ ಮೇಲೆ.

ಪರೀಕ್ಷೆಯ ತಟ್ಟೆಗಳು ಐದು. ಒಂದನೆಯದು ಚೊಕ್ಕ. ಎರಡನೆಯದರಲ್ಲಿ ಬೆರಳಿನ ಗುರುತು, ಮೂರನೆಯದರಲ್ಲಿ ಕಪ್ಪು ಚುಕ್ಕೆ. ಐದನೆಯದು ತೂಕ ತಪ್ಪಿದ್ದು, ಸುತ್ತುವಾಗ ನಡುಗುತ್ತದೆ. ನಾಲ್ಕನೆಯದರಲ್ಲಿ ಒಂದು ಗೀರು. ಕೂದಲಿನಷ್ಟು ತೆಳು, ಹೆಬ್ಬೆರಳಿನಷ್ಟು ಉದ್ದ. ಡ್ರೈವ್ ತಟ್ಟೆಯನ್ನು ನಡುವಿನಿಂದ ಹೊರಕ್ಕೆ ಓದುತ್ತ ಹೋದಂತೆ ವೇಗ ಏರಬೇಕು, ಪರದೆಯ ಮೇಲೆ ಹಸಿರು ಗೆರೆಯೊಂದು ಏಣಿ ಹತ್ತಿದಂತೆ ಮೇಲೇರಬೇಕು. ಗೀರು ಬಂದಲ್ಲಿ ಗೆರೆ ದೊಪ್ಪನೆ ಬೀಳುತ್ತದೆ. ಅದಕ್ಕೆ ಇವರು ಹಳ್ಳ ಎಂದು ಹೆಸರಿಟ್ಟಿದ್ದರು. ಡ್ರೈವಿನ ಹಣೆಬರಹ ತಿಳಿಯುವುದು ಹಳ್ಳದಲ್ಲಿ. ಕೆಲವು ಓದಲಾಗದ್ದನ್ನು ಬಿಟ್ಟು, ಓದಿದೆ ಎಂದು ಸುಳ್ಳು ಹೇಳಿ ಮುಂದೆ ಓಡುತ್ತವೆ. ಕೆಲವು ಅಲ್ಲೇ ನಿಂತು ಮತ್ತೆ ಮತ್ತೆ ಓದುತ್ತವೆ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತರೆ ಅನುತ್ತೀರ್ಣ. ಆ ನಿಯಮ ಬರೆದವನು ಅವನೇ. ಅಂಥ ಡ್ರೈವುಗಳಿಗೆ ವರದಿಯಲ್ಲಿ ಒಂದು ಪದವೂ ಇತ್ತು: ಹಟಮಾರಿ.

ಓದಿದ್ದು ಏನು ಎಂದು ಯಾರೂ ನೋಡುವುದಿಲ್ಲ. ಎಷ್ಟು ಹೊತ್ತು, ಎಷ್ಟು ಸದ್ದು, ಎಷ್ಟು ಬಿಸಿ. ಅಷ್ಟೆ.

ಇವತ್ತು ಅವನ ಮನಸ್ಸು ಕೆಲಸದಲ್ಲಿರಲಿಲ್ಲ. ಬೆಳಿಗ್ಗೆ ಹೆಂಡತಿ ಕಪಾಟಿನ ಮುಂದೆ ಕೂತು ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿದ್ದಳು.

"ಆ ಹಳೇ ಸ್ಕ್ಯಾನ್ ಎಲ್ಲೂ ಇಲ್ಲ ಕಣ್ರೀ. ನೀವೇ ಆಫೀಸಿಗೆ ತಗೊಂಡು ಹೋಗಿದ್ರಿ, ಇನ್ನೊಂದು ಪ್ರತಿ ಮಾಡ್ಕೊಂಡು ಬರ್ತೀನಿ ಅಂತ. ನೆನಪಿಲ್ವಾ?"

"ಹೌದಾ?"

"ಹೌದಾ ಅಂತ ನನ್ನ ಕೇಳಿದ್ರೆ? ಕಲೆ ಇರೋದು ನನ್ನ ತಲೇಲಿ, ಮರೆವು ನಿಮಗೆ!"

ಅವನು ನಗಬೇಕಿತ್ತು. ಶೂ ಹುಡುಕಿದ.

ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮೂರು ತಿಂಗಳಿಂದ ಬಲಗೈಯಿಂದ ಬಳಪ ಜಾರುತ್ತಿತ್ತು. ತಲೆಯ ಸ್ಕ್ಯಾನ್ ಮಾಡಿಸಿದರು. ಹೆಸರುಕಾಳಿನಷ್ಟು ಒಂದು ಕಲೆ. ಡಾಕ್ಟರು ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟು, ಹದಿನಾಲ್ಕನೇ ಚಿತ್ರ, ಇಲ್ಲಿ ಎಂದು ತೋರಿಸಿದರು. ಆರು ವರ್ಷದ ಹಿಂದೆ ತಲೆನೋವಿಗೆಂದು ಒಮ್ಮೆ ಸ್ಕ್ಯಾನ್ ಮಾಡಿಸಿದ್ದಿರಲ್ಲ, ಅದನ್ನು ತನ್ನಿ ಎಂದರು.

"ಆಗ ಏನೂ ಇಲ್ಲ ಅಂದಿದ್ರು ಡಾಕ್ಟ್ರೇ."

"ತಲೆನೋವಿಗೆ ಅಂತ ನೋಡೋರಿಗೆ ಇಷ್ಟು ಚಿಕ್ಕದು ಕಣ್ಣು ತಪ್ಪಿರಬಹುದು. ಆಗಲೂ ಇಷ್ಟೇ ಇದ್ದಿದ್ರೆ ಹುಟ್ಟಿನಿಂದ ಬಂದದ್ದು, ಬಿಟ್ಟುಬಿಡೋಣ. ಆಗ ಇಲ್ಲದ್ದು ಈಗ ಬಂದಿದ್ರೆ ತೆಗೀಲೇಬೇಕು. ಕೈಯ ಶಕ್ತಿ ಇರೋ ಜಾಗ ಅದು. ತೆಗೆದ್ಮೇಲೆ ಕೈ ಉಳಿಯುತ್ತೆ ಅಂತ ನಾನು ಹೇಳಲಾರೆ. ಗುರುವಾರ ಬನ್ನಿ."

ಗುರುವಾರ ಎಂದರೆ ನಾಳೆ. ಹಳೆಯ ಆಸ್ಪತ್ರೆಯಲ್ಲಿ ಐದು ವರ್ಷಕ್ಕಿಂತ ಹಿಂದಿನದನ್ನು ಅಳಿಸಿಬಿಡುತ್ತಾರಂತೆ. ಇದ್ದದ್ದು ಆಗ ಕೈಗೆ ಕೊಟ್ಟ ಒಂದು ತಟ್ಟೆ ಮಾತ್ರ. ಬೆಳಿಗ್ಗೆ ಬಂದವನೇ ಡ್ರಾಯರುಗಳನ್ನೆಲ್ಲ ಜಾಲಾಡಿದ್ದ. ಸಿಕ್ಕಿರಲಿಲ್ಲ. ಆಮೇಲೆ, ಏನು ಮಾಡುವುದೆಂದು ತೋಚದೆ, ದಿನದ ಕೆಲಸಕ್ಕೆ ಕೂತಿದ್ದ.

ಪರದೆಯ ಮೇಲೆ ಏನೋ ಮಿಣುಕಿತು.

ಹೋದ ವಾರವಷ್ಟೇ ಹಳೆಯ ಕಂಪ್ಯೂಟರ್ ತೆಗೆದು ಬೇರೆಯದು ಕೊಟ್ಟಿದ್ದರು. ಹಳೆಯದು ಹೇಳಿದಷ್ಟೇ ಮಾಡುತ್ತಿತ್ತು. ಇದಕ್ಕೆ ತಡೆಯಿಲ್ಲ. ಒಳಗೆ ತಟ್ಟೆ ಹಾಕಿದ ಕೂಡಲೇ, ಕೇಳದೆಯೇ, ಅದರಲ್ಲಿ ಏನಿದೆ ಎಂದು ತೆರೆದು ತೋರಿಸಿತು. ಹಸಿರು ಗೆರೆಯ ಮೇಲೆ ಬಿಳಿಯ ಕಿಟಕಿ. ಕಿಟಕಿಯಲ್ಲಿ ಒಂದೇ ಸಾಲು.

ಅವನ ಹೆಂಡತಿಯ ಹೆಸರು. ವಯಸ್ಸು ಮೂವತ್ತೊಂಬತ್ತು.

ಈಗ ಅವಳಿಗೆ ನಲವತ್ತೈದು. ಅವನು ಮೊದಲು ಮಾಡಿದ್ದು ಆ ಕಳೆಯುವ ಲೆಕ್ಕ.

ತಟ್ಟೆಯ ಡಬ್ಬಿಯನ್ನು ತಿರುಗಿಸಿ ನೋಡಿದ. ಮುಚ್ಚಳದ ಮೇಲಿನ ಚೀಟಿಯಲ್ಲಿ ಅವನದೇ ಅಕ್ಷರ: "ನಾಲ್ಕು. ಗೀರು." ಅದರ ಕೆಳಗೆ, ಪ್ರತಿ ಪರೀಕ್ಷೆಗೆ ಒಂದರಂತೆ ಸಣ್ಣ ಗೆರೆಗಳು, ಐದೈದರ ಕಟ್ಟು. ಎಣಿಸಿದ. ನೂರಾ ಹದಿನಾಲ್ಕು. ಆರು ವರ್ಷದಲ್ಲಿ ನೂರಾ ಹದಿನಾಲ್ಕು ಡ್ರೈವುಗಳು ಅವಳ ತಲೆಯನ್ನು ಓದಿದ್ದವು. ಅಷ್ಟೂ ಸಲ ಅವನು ಎದುರಿಗೇ ಕೂತಿದ್ದ, ಗಡಿಯಾರ ನೋಡುತ್ತ.

ಈಗ ಎಲ್ಲ ನೆನಪಾಯಿತು. ಆ ಸಂಜೆ ಡಾಕ್ಟರು ನಗುತ್ತ, "ಇದರಲ್ಲಿ ಏನೂ ಇಲ್ಲ, ನಿಶ್ಚಿಂತೆಯಿಂದ ಹೋಗಿ" ಎಂದಿದ್ದರು. ಇಬ್ಬರೂ ಬಸ್ಸು ಬಿಟ್ಟು ನಡೆದುಕೊಂಡೇ ಮನೆಗೆ ಹೋಗಿದ್ದರು. ಅಕ್ಕನಿಗೆ, ಅತ್ತೆಗೆ, ಪಕ್ಕದ ಮನೆಯವರಿಗೆ, ಮರುದಿನ ಆಫೀಸಿನ ಮೆಟ್ಟಿಲ ಮೇಲೆ ಕೇಳಿದವರಿಗೆಲ್ಲ ಅವನು ಅದನ್ನೇ ಹೇಳಿದ್ದ: ಇದರಲ್ಲಿ ಏನೂ ಇಲ್ಲ, ಏನೂ ಇಲ್ಲ. ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ತಟ್ಟೆಯನ್ನು ಪ್ರತಿ ಮಾಡಲೆಂದು ಮೇಜಿನ ಮೇಲಿಟ್ಟಿದ್ದ. ಅದರ ಹಿಂದಿನ ವಾರ ಹಳೆಯ ನಾಲ್ಕನೇ ತಟ್ಟೆ ಬಿರುಕು ಬಿಟ್ಟಿತ್ತು. ತಟ್ಟೆಗಳಿಗೆ ಗೀರು ಹಾಕುವ ಗೀರಣ್ಣ ಬಂದು, ಭರ್ತಿಯಾಗಿರುವ ತಟ್ಟೆಯೊಂದು ಬೇಕು ಎಂದು ಹುಡುಕುತ್ತ ಇದನ್ನು ಎತ್ತಿಕೊಂಡಿದ್ದ.

"ಇದು ಆಗುತ್ತಾ ಸಾರ್? ಬೇಕಾದ್ದು ಏನಾದ್ರೂ ಇದ್ಯಾ ಇದರಲ್ಲಿ?"

"ಇದರಲ್ಲಿ ಏನೂ ಇಲ್ಲ" ಎಂದಿದ್ದ ಅವನು. ಮುಖ ಎತ್ತಿರಲಿಲ್ಲ. ನಗುತ್ತಲೂ ಇದ್ದನೇನೋ.

ಚಿತ್ರಗಳನ್ನು ಒಂದೊಂದಾಗಿ ತೆರೆದ. ತಲೆಯನ್ನು ಹಾಳೆ ಹಾಳೆಯಾಗಿ ಬಿಡಿಸಿದ ಬೂದು ಚಿತ್ರಗಳು. ಒಂದು, ಎರಡು, ಮೂರು. ಹದಿಮೂರರವರೆಗೆ ಚೊಕ್ಕವಾಗಿ ಬಂದವು. ಹದಿನಾಲ್ಕಕ್ಕೆ ಡ್ರೈವ್ ಕೆಮ್ಮಿತು. ಚಿತ್ರದ ಮೇಲರ್ಧ ಬಂತು, ಕೆಳಗಿನದು ಬಂತು, ನಡುವೆ ಅಡ್ಡಕ್ಕೆ ಎರಡು ಬೆರಳಗಲದ ಕಪ್ಪು ಪಟ್ಟಿ. ಡಾಕ್ಟರು ಪೆನ್ನಿನ ತುದಿ ಇಟ್ಟಿದ್ದ ಜಾಗ ಪಟ್ಟಿಯ ಒಳಗಿತ್ತು. ಹದಿನೈದರಿಂದ ಮತ್ತೆ ಎಲ್ಲ ಚೊಕ್ಕ.

ಬೀರುವಿನಿಂದ ಹಳೆಯ ಡ್ರೈವೊಂದನ್ನು ತಂದ. ತಾನೇ "ಅತ್ಯುತ್ತಮ" ಎಂದು ಬರೆದದ್ದು. ಅದು ಎರಡು ನಿಮಿಷದಲ್ಲಿ ಎಲ್ಲ ಓದಿ ಮುಗಿಸಿತು. ಪಟ್ಟಿ ನಾಲ್ಕು ಬೆರಳಗಲವಾಗಿತ್ತು. ಇನ್ನೊಂದು "ಉತ್ತಮ" ಹದಿನಾಲ್ಕನೆಯದು ಬರುತ್ತಲೇ ತಟ್ಟೆಯನ್ನು ಹೊರಕ್ಕೆ ತಳ್ಳಿ ಸುಮ್ಮನಾಯಿತು. ಮತ್ತೆ ಹೊಸದಕ್ಕೇ ಹಾಕಿದ. ಸಿಕ್ಕ ಸಾಲನ್ನು ಉಳಿಸಿಕೊಂಡು ಸಿಗದ್ದನ್ನು ಮತ್ತೆ ಕೇಳುವಂತೆ ಹೊಂದಿಸಿದ. ಅದು ಹಳ್ಳಕ್ಕೆ ಇಳಿದು ನಿಂತಿತು. ಕೆಮ್ಮಿತು, ಓದಿತು, ಕೆಮ್ಮಿತು. ಹತ್ತು ನಿಮಿಷವಾದಾಗ ಗಂಟೆ ಹೊಡೆಯಿತು. ಕೆಂಪು ಅಕ್ಷರ: "ಹಟಮಾರಿ. ನಿಲ್ಲಿಸಬಹುದೇ?"

ಬೇಡ ಎಂದು ಒತ್ತಿದ. ಆ ಗುಂಡಿ ಇದೆ ಎಂಬುದೇ ಅವನಿಗೆ ಮರೆತಿತ್ತು.

ಪಟ್ಟಿ ಎರಡು ಸಾಲಿನಷ್ಟು ಕಿರಿದಾಯಿತು.

ಹನ್ನೆರಡಕ್ಕೆ ಗೀರಣ್ಣ ಬಂದ. ಅವನಿಗೆ ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ತೂಕ ಕಟ್ಟಿದ ಉಕ್ಕಿನ ಮುಳ್ಳಿನಿಂದ, ಉಸಿರು ಹಿಡಿದು, ಒಂದೇ ಎಳೆತಕ್ಕೆ ತಟ್ಟೆಗೆ ಗೀರು ಹಾಕುವುದು ಅವನ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ಗೀರಣ್ಣ, ಈ ನಾಲ್ಕನೇದು ಮಾಡಿದ್ದು ನೆನಪಿದ್ಯಾ?"

"ಯಾಕಿಲ್ಲ ಸಾರ್? ಅಷ್ಟು ನೇರವಾದ ಗೀರು ನನ್ನ ಕೈಯಲ್ಲಿ ಮತ್ತೆ ಬರ್ಲೇ ಇಲ್ಲ."

ಅವನು ಪರದೆಯನ್ನು ಆ ಕಡೆಗೆ ತಿರುಗಿಸಿದ. ಗೀರಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಓದಿ ಆದ ಮೇಲೂ ಬಗ್ಗಿಯೇ ಇದ್ದ.

"ನಿಮ್ಮ ಮನೆಯವರ ಹೆಸರಲ್ವಾ ಸಾರ್?"

"ಹೂಂ. ನಾಳೆ ಡಾಕ್ಟ್ರಿಗೆ ತೋರಿಸ್ಬೇಕು."

ಗೀರಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ತಪ್ಪು ನಂದು ಸಾರ್. ಮೇಲೆ ಏನೋ ನಂಬರ್ ಬರೆದಿತ್ತು. ಸ್ಪಿರಿಟ್ ಹಾಕಿ ಒರೆಸಿಬಿಟ್ಟೆ. ಕೇಳ್ಬೇಕಿತ್ತು."

"ಕೇಳಿದ್ರಿ."

"ಇನ್ನೊಂದು ಸಲ ಕೇಳ್ಬೇಕಿತ್ತು."

ಅಲ್ಲ, ತಪ್ಪು ನನ್ನದು ಎಂದು ಅವನು ಹೇಳಬೇಕಾದ ಜಾಗ ಅದು. ಹೇಳಲಿಲ್ಲ. ಗೀರಣ್ಣ ಅದಕ್ಕೆ ಕಾಯಲೂ ಇಲ್ಲ. ಹೋಗಿ ತನ್ನ ಡ್ರಾಯರಿನಿಂದ ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನೂ ಮೆತ್ತನೆಯ ಬಟ್ಟೆಯೊಂದನ್ನೂ ತಂದ.

"ಒಂದರ್ಧ ಗಂಟೆ ತಟ್ಟೆ ಕೊಡಿ ಸಾರ್. ಗೀರು ಹಾಕೋನಿಗೆ ತೇಯೋದೂ ಸ್ವಲ್ಪ ಗೊತ್ತಿರುತ್ತೆ."

ಗೀರಣ್ಣ ತೇಯುವುದನ್ನು ಅವನು ನೋಡುತ್ತ ಕೂತ. ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ. ಮಗುವಿನ ಬಾಯಿ ಒರೆಸುವವರ ಹಾಗೆ. ಇಪ್ಪತ್ತೆಂಟು ವರ್ಷ ತಟ್ಟೆಗಳನ್ನು ಕೆಡಿಸಿದ ಕೈ ಅದು. ಎಷ್ಟು ಹಗುರ ಎಂದು ಆಶ್ಚರ್ಯವಾಯಿತು.

ತೇದ ಮೇಲೆ ಪಟ್ಟಿ ಬೆರಳಗಲಕ್ಕೆ ಬಂತು. ಜಾಗ ಇನ್ನೂ ಅದರ ಒಳಗೇ ಇತ್ತು.

ಮಧ್ಯಾಹ್ನ ಶಾಲೆಯಿಂದ ಫೋನು ಬಂತು.

"ಸಿಕ್ತಾ ರೀ?"

"ಇಲ್ಲೇ ಇತ್ತು."

"ನೋಡಿ! ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ. ಎಲ್ಲಿತ್ತು?"

"ಇಲ್ಲೇ. ಬೇರೆ ತಟ್ಟೆಗಳ ಜೊತೆ."

"ಕಲೆ ಇದ್ಯಾ?"

"ಓದ್ತಾ ಇದೆ."

"ನೀವಾ, ಅದಾ?"

"ಅದು."

ಆ ಕಡೆ ಮಕ್ಕಳ ಗದ್ದಲ ಕೇಳಿಸಿತು. ಅವಳು ಯಾರಿಗೋ ಕೂತ್ಕೋ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಇದ್ರೆ ಒಳ್ಳೇದು ಅಲ್ವಾ? ಎಂಥಾ ವಿಚಿತ್ರ ನೋಡಿ, ಕಲೆ ಇರ್ಲಿ ಅಂತ ಕೇಳ್ಕೋಬೇಕು. ಊಟ ಆಯ್ತಾ?"

"ಹೂಂ" ಎಂದ. ಆಗಿರಲಿಲ್ಲ.

ಮೂರು ಗಂಟೆಗೆ ಮೇಲಧಿಕಾರಿಣಿಯ ಫೋನು.

"ಹೊಸ ಡ್ರೈವಿನ ವರದಿ ಎಲ್ಲಿ?"

"ಓದ್ತಾ ಇದೆ ಮೇಡಂ."

"ಬೆಳಿಗ್ಗೆಯಿಂದ್ಲಾ? ಹತ್ತು ನಿಮಿಷ ಆದ್ಮೇಲೆ ಫೇಲ್ ಅಂತ ಬರೆದು ಕಳ್ಸೋದಪ್ಪ. ನಿಯಮ ನಿಮ್ಮದೇ ಅಲ್ವಾ?"

"ನಂದೇ."

ವರದಿಯ ಹಾಳೆ ಮುಂದಿತ್ತು. ಓದುವ ಸಾಮರ್ಥ್ಯ: ತೃಪ್ತಿಕರ, ಅತೃಪ್ತಿಕರ, ಹಟಮಾರಿ. ಮೂರರ ಮುಂದೆಯೂ ಖಾಲಿ ಚೌಕ. ಹೀಗೆ ನಿಂತಲ್ಲೇ ನಿಂತು ಓದಲು ಹೆಣಗಿದ ಎಷ್ಟು ಡ್ರೈವುಗಳನ್ನು ಇಲ್ಲಿಂದ ಹಿಂದಕ್ಕೆ ಕಳಿಸಿದ್ದೇನೆ ಎಂದು ಯೋಚಿಸಿದ. ಮೂವತ್ತೊಂದು ಎಂದು ನೆನಪು ಕೂಡಲೇ ಹೇಳಿತು. ಇಂಥವೆಲ್ಲ ಅವನಿಗೆ ಮರೆಯುತ್ತಿರಲಿಲ್ಲ. ಆ ಸಂಜೆ ಮನೆಗೆ ನಡೆದುಹೋಗುವಾಗ ಅವಳು ಏನು ಮಾತಾಡಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದ. ನಡೆದದ್ದು ನೆನಪಿತ್ತು. ಮಾತಿನ ಜಾಗದಲ್ಲಿ ಏನೂ ಇರಲಿಲ್ಲ.

ಐದೂವರೆಗೆ ಮೇಲಿನ ಮಹಡಿಯ ಸದ್ದುಗಳು ನಿಂತವು. ಗೀರಣ್ಣ ಮನೆಗೆ ಹೋಗಲಿಲ್ಲ. ಮೂಲೆಯಲ್ಲಿ ಕೂತು ಒರೆಸಿದ್ದ ತಟ್ಟೆಗಳನ್ನೇ ಮತ್ತೆ ಒರೆಸುತ್ತಿದ್ದ. ಯಾರೋ ಬಾಗಿಲು ತಟ್ಟಿದರು. ಹೆಂಡತಿ. ಹೆಗಲಿಗೆ ಶಾಲೆಯ ಚೀಲ, ಎಡಗೈಯಲ್ಲಿ ಊಟದ ಡಬ್ಬಿ. ಇಪ್ಪತ್ತೊಂದು ವರ್ಷದಲ್ಲಿ ಅವಳು ಈ ಕೋಣೆಗೆ ಬಂದದ್ದು ಇದೇ ಮೊದಲು.

"ಬನ್ನಿ ಅಮ್ಮಾ, ಬನ್ನಿ" ಎಂದು ಗೀರಣ್ಣ ತನ್ನ ಕುರ್ಚಿಯನ್ನೇ ತಂದು ಹಾಕಿದ. ಅವಳು ಕೇಳುವ ಮೊದಲೇ ಹೇಳತೊಡಗಿದ: "ಹಳೇ ತಟ್ಟೆ ನೋಡಿ ಅಮ್ಮಾ. ಇಟ್ಟಲ್ಲೇ ಇದ್ರೂ ಗೀರು ಬಿದ್ದುಬಿಡುತ್ತೆ. ಯಾರೂ ಏನೂ ಮಾಡಕ್ಕಾಗಲ್ಲ. ಸಾರ್ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ."

ಹೇಳಿ, ನೀರು ತರುತ್ತೇನೆ ಎಂದು ಹೊರಗೆ ಹೋದ. ನೀರಿನ ಹೂಜಿ ತುಂಬಿ ಮೇಜಿನ ಮೇಲೇ ಇತ್ತು.

ಗೀರಣ್ಣನ ಸುಳ್ಳು ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತಂತಿತ್ತು.

ಅವಳು ಪರದೆಯ ಹತ್ತಿರ ಬಂದಳು.

"ಇದೇನಾ ನನ್ನ ತಲೆ?"

"ಹೂಂ."

"ಒಳಗೆ ಇಷ್ಟೆಲ್ಲ ಜಾಗ ಇದೆ ಅಂತ ಗೊತ್ತಿರ್ಲಿಲ್ಲ. ನಮ್ಮ ಹೆಡ್‌ಮಾಸ್ಟ್ರು ನೋಡಿದ್ರೆ ಇನ್ನೆರಡು ಕ್ಲಾಸು ಕೊಡ್ತಾರೆ." ಬೆರಳನ್ನು ಪಟ್ಟಿಯ ಹತ್ತಿರ ತಂದಳು, ಮುಟ್ಟಲಿಲ್ಲ. "ಈ ಕಪ್ಪು?"

"ಅದು ನೀನಲ್ಲ. ಓದಕ್ಕೆ ಆಗದೆ ಇರೋದು."

"ಅದರ ಕೆಳಗೆ?"

"ಗೊತ್ತಿಲ್ಲ. ಬೆಳಿಗ್ಗೆ ಇದಕ್ಕಿಂತ ದೊಡ್ಡದಿತ್ತು. ಕಡಿಮೆ ಆಗ್ತಾ ಇದೆ."

"ನಾಳೆ ಒಳಗೆ ಆಗುತ್ತಾ?"

ಡ್ರೈವ್ ಕೆಮ್ಮಿತು. ಇಬ್ಬರೂ ಅದನ್ನು ನೋಡಿದರು. ಬೆಳಿಗ್ಗೆಯಿಂದ ಸುತ್ತಿ ಸುತ್ತಿ ಅದರ ಮೈ ಬಿಸಿಯಾಗಿತ್ತು. ಅವಳು ಅಂಗೈಯನ್ನು, ಜ್ವರ ನೋಡುವವರ ಹಾಗೆ, ಅದರ ಮೇಲಿಟ್ಟು ತೆಗೆದಳು.

ಆಗ ಅವಳ ಕಣ್ಣು ಪಕ್ಕದಲ್ಲಿದ್ದ ತಟ್ಟೆಯ ಡಬ್ಬಿಗೆ ಹೋಯಿತು. ಅವನು ಅದನ್ನು ಒಳಗಿಡಲು ಮರೆತಿದ್ದ. ಅವಳು ಎತ್ತಿಕೊಂಡಳು. "ನಾಲ್ಕು. ಗೀರು." ಕೆಳಗೆ ಗೆರೆಗಳ ಕಟ್ಟುಗಳು. ಗಂಡನ ಅಕ್ಷರ ಅವಳಿಗೆ ಗೊತ್ತಿತ್ತು. ಮಕ್ಕಳ ತಪ್ಪು ಲೆಕ್ಕವನ್ನು, ತಪ್ಪು ಯಾವ ಸಾಲಿನಲ್ಲಿ ಶುರುವಾಯಿತು ಎಂದು ಮೇಲಿನಿಂದ ಕೆಳಗೆ ನೋಡುವಂತೆ, ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು. ಹೊರಗೆ ಮೊಗಸಾಲೆಯಲ್ಲಿ ಗೀರಣ್ಣ ಸುಮ್ಮನೆ ಅತ್ತಿಂದಿತ್ತ ನಡೆಯುವುದು ಕೇಳುತ್ತಿತ್ತು.

"ಅವತ್ತು ನಾನು…" ಎಂದ ಅವನು.

ಚೀಟಿಯ ಒಂದು ಮೂಲೆ ಅಂಟು ಬಿಟ್ಟು ಎದ್ದಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಡಬ್ಬಿಯನ್ನು ಇದ್ದಲ್ಲೇ, ಇದ್ದ ಹಾಗೆಯೇ ಇಟ್ಟಳು.

"ಮಧ್ಯಾಹ್ನ ಊಟ ಮಾಡಿಲ್ಲ ಅಲ್ವಾ?"

ಅವಳು ಊಟದ ಡಬ್ಬಿ ಬಿಚ್ಚಿದಳು. ಗೂಡಿನಲ್ಲಿ ಗೀರಣ್ಣನ ಸ್ಟೀಲ್ ತಟ್ಟೆ ಇತ್ತು. ಅದನ್ನು ತೊಳೆದು, ಅನ್ನ ಬಡಿಸಿ, ಪಕ್ಕದಲ್ಲಿ ಬೇಯಿಸಿದ ಕಾಳು ಹಾಕಿದಳು. ಹಳೆಯ ತಟ್ಟೆ, ಬಳಸಿ ಬಳಸಿ ಅಂಚಿನವರೆಗೂ ಬಿದ್ದ ಗೀರುಗಳು. ಎಡಗೈಯಲ್ಲಿ ಎತ್ತಿಕೊಂಡವಳು, ಏನನ್ನಿಸಿತೋ, ಬಲಗೈಗೆ ಬದಲಿಸಿ ಅವನ ಕಡೆಗೆ ಚಾಚಿದಳು.

ತಟ್ಟೆ ನಡುಗುತ್ತಿತ್ತು. ತೂಕ ತಪ್ಪಿದ ಐದನೆಯದರ ಹಾಗೆ. ಸೆಕೆಂಡಿಗೆ ನಾಲ್ಕು ಸಲ, ಐದು ಸಲ. ತಾನು ಎಣಿಸುತ್ತಿದ್ದೇನೆ ಎಂದು ತಿಳಿದು ಅವನು ಬೆಚ್ಚಿದ. ಎರಡೂ ಕೈ ಚಾಚಿ ಆ ಕಡೆಯ ಅಂಚನ್ನು ಹಿಡಿದುಕೊಂಡ.

ಅವಳು ಬಿಡಲಿಲ್ಲ. ನಡುಕವೂ ನಿಲ್ಲಲಿಲ್ಲ. ಈಗ ನಡುಗುತ್ತಿರುವುದು ಯಾರ ಕೈ ಎಂದು ಅವನಿಗೆ ತಿಳಿಯಲಿಲ್ಲ. ಕಾಳೊಂದು ಉರುಳಿ ತಟ್ಟೆಯ ನಡುವಿನಿಂದ ಅಂಚಿನವರೆಗೆ ಬಂದು ನಿಂತಿತು. ಬೆನ್ನ ಹಿಂದೆ ಡ್ರೈವ್ ಒಮ್ಮೆ ಪೂರ್ತಿ ನಿಂತು, ಕೆಮ್ಮಿ, ಹಳ್ಳಕ್ಕೆ ಆಚೆ ದಡದಿಂದ ಇಳಿದು ಮತ್ತೆ ಓದತೊಡಗಿತು.